ಚದರಡಿಯ ಲೆಕ್ಕ

ತಿಂಗಳ ಎರಡನೇ ಭಾನುವಾರ
ಕುಕ್ ಟೌನಿನ ಒಂದು ತಾರಸಿ ಮೇಲೆ
ಬೆಡ್‌ಶೀಟು ಹಾಸಿ ಚರ್ಮ ಹರಡುತ್ತೇನೆ.
ಮೇಕೆ ಎಂಟು, ಕುರಿ ಮೂರು,
ಎಮ್ಮೆಯದು ಅರ್ಧ, ಅದೂ ಹೊಟ್ಟೆ ಭಾಗ ಬಿಟ್ಟು.

ಬರುವವರು ಒಳ್ಳೆಯವರು.
ಹಲ್ಲಿನ ಡಾಕ್ಟರು ಪರ್ವೀನ್ ಪರ್ಸು ಹೊಲಿಯುತ್ತಾರೆ,
ಹೊಲಿಗೆ ಹಲ್ಲಿನ ಸಾಲಿಗಿಂತ ನೇರ.
ಜೆರೋಮನಿಗೆ ಕೂದಲು ತೆಗೆಯದ ಮೇಕೆಯೇ ಆಗಬೇಕು,
ಡೋಲಿಗೆ ತಾನೇ ಬಿಗಿದುಕೊಳ್ಳುತ್ತಾನೆ.
ಪುಸ್ತಕಕ್ಕೆ ರಟ್ಟು ಕಟ್ಟುವ ಸೀಬಯ್ಯನವರು
ರಿಟೈರಾದ ಸರ್ವೇಯರು;
ಹೊಲ ಅಳೆದ ಹಾಗೆ ಟೇಪು ಹಿಡಿದು
ಕಾಲು ಕಳೆದು, ಕೊಂಕು ಕಳೆದು,
"ಆರೂಕಾಲು ಅಂದ್ಯಲ್ಲ ಮುನಿಲಕ್ಷ್ಮಿ, ಇದು ಐದೂಮುಕ್ಕಾಲು."
"ಕತ್ತು ಬಿಟ್ಟು ಅಳೆದ್ರೆ ಹಂಗೇ ಸಾರ್.
ಮೇಕೆಗೆ ಕತ್ತು ಇತ್ತು."
ಎಲ್ಲರೂ ನಕ್ಕರು.
ಅರ್ಧ ಅಡಿ ಬಿಟ್ಟುಕೊಟ್ಟೆ.

ಬೇಲಿ ಮುಳ್ಳು ಗೀರಿದ್ದು, ಉಣ್ಣೆ ಕಚ್ಚಿದ್ದು
ಯಾರಿಗೂ ಬೇಡ.
ಬದುಕೇ ಇರದ ಮೇಕೆ ಇದ್ದರೆ ಹೇಳು ಅನ್ನುತ್ತಾರೆ,
ಅಂದರೆ, ಹಾಗೆ ಅನ್ನುವುದಿಲ್ಲ.

ಹೊಸಬರೆಲ್ಲ ಮೊದಲು ಮಾಡುವುದು ಒಂದೇ:
ಚರ್ಮ ಎತ್ತಿ ಮುಖಕ್ಕೆ ಒತ್ತಿ
ಕಣ್ಣು ಮುಚ್ಚಿ, "ಆಹಾ, ಏನು ವಾಸನೆ!"
ನಾನು ಆಗ ನೀರಿನ ಟ್ಯಾಂಕಿನ ಕಡೆ ನೋಡುತ್ತೇನೆ.
ಟ್ಯಾನರಿ ರೋಡಿನ ಸುಣ್ಣದ ತೊಟ್ಟಿಯಿಂದ ಎದ್ದು ಬಂದು
ನಮ್ಮಪ್ಪ ಕೆಂಪು ಸೋಪಿನಲ್ಲಿ ಮೂರು ಸಲ
ಕೈ ತೊಳೆದು ನನಗೆ ಜಡೆ ಹಾಕುತ್ತಿದ್ದ.
ಸ್ಕೂಲಲ್ಲಿ ಹಿಂದಿನ ಬೆಂಚಿನವಳು
ಕಿಟಕಿ ತೆಗೆಸುತ್ತಿದ್ದಳು.
ತಂಗಡಿ ತೊಗಟೆಯ ಹಳದಿ ಅವನ ಉಗುರಲ್ಲಿ
ಸತ್ತ ದಿನವೂ ಇತ್ತು;
ಅದನ್ನು ಯಾರೂ ಹವ್ಯಾಸ ಅಂದಿರಲಿಲ್ಲ.

ಈ ಸಲದ ಹೊಸಬ ಅನಿರುದ್ಧ.
ಸೀರೆ ಅಂಗಡಿಯ ಕವರಿನಿಂದ ಒಂದು ಸುರುಳಿ ತೆಗೆದು
ಬಿಚ್ಚಿದ್ದೇ ತಡ ಮಾತು ನಿಂತಿತು.
ಕಪ್ಪು ಬೆನ್ನು, ಬಿಳಿ ಹೊಟ್ಟೆ. ಕೃಷ್ಣಮೃಗ.
"ತಾತಂದು. ಇದರ ಮೇಲೆ ಜಪಕ್ಕೆ ಕೂರ್ತಿದ್ರು.
ಮಾರೋದು ಅಂತಲ್ಲ, ಸುಮ್ನೆ,
ಏನಾದ್ರೂ ಕೊಟ್ರೆ ಸಾಕು."
ಸೀಬಯ್ಯನವರ ಟೇಪು ಸರ್ರನೆ ಡಬ್ಬಿಗೆ ಸೇರಿತು.
"ಒಳಗಿಡಪ್ಪ. ಜೈಲಿಗೆ ಹೋಗೋ ವಯಸ್ಸಲ್ಲ ನಂದು."
ಡಾಕ್ಟರು ಚಪ್ಪಲಿ ಹುಡುಕಿದರು.
ಜೆರೋಮ್ ಮಾತ್ರ ದೂರದಿಂದ ಬಗ್ಗಿ,
ಬಾರಿಸಿದರೆ ಹೇಗಿರುತ್ತೋ, ಅಂದ.

ಮೆಟ್ಟಿಲಲ್ಲಿ ನನ್ನ ತಡೆದ ಹುಡುಗ.
"ಕೂದಲು ಉದುರ್ತಿದೆ. ಎಸೆಯೋಕೆ ಮನಸಿಲ್ಲ.
ತಾತ ಇದ್ದಾಗ ಮನೇಲಿ ಯಾರೂ ಇದನ್ನ ಮುಟ್ಟೋ ಹಾಗಿರ್ಲಿಲ್ಲ.
ಉಳಿಸ್ಕೊಳ್ಳೋದು ಹೇಗೆ, ನಿಮಗೆ ಗೊತ್ತಿರತ್ತಲ್ಲ?"

ಗೊತ್ತಿರತ್ತೆ.

ಮಗುಚಿ ನೋಡಿದೆ.
ಒಳಮೈಯಲ್ಲಿ ಪಟಿಕದ ಬಿಳುಪು.
ಮಾಂಸ ಹೆರೆದ ಕತ್ತಿಯ ಗೀರು
ಬಾಲದಿಂದ ಕುತ್ತಿಗೆಯವರೆಗೆ, ಒಂದೂ ಬಿಡದೆ ಬಲಕ್ಕೆ ವಾಲಿ.
ಐವತ್ತು ವರ್ಷ ಕೂತ ಜಾಗ
ಮೇಲೆ ಬೋಳಾಗಿದೆ;
ಕೆಳಗೆ ಆ ಗೀರು ನಿನ್ನೆ ಎಳೆದ ಹಾಗಿದೆ.

"ಹದ ಚೆನ್ನಾಗಿದೆ," ಅಂದೆ. "ಎಡಗೈಯವರ ಕೆಲಸ."

"ಅದೂ ಗೊತ್ತಾಗತ್ತಾ? ನಾನೂ ಲೆಫ್ಟಿ!"
ಕೈ ಎತ್ತಿ ತೋರಿಸಿದ, ಖುಷಿಯಾಗಿ.
ಒಳ್ಳೆಯ ಹುಡುಗ, ಅನುಮಾನವಿಲ್ಲ.

ಅರಣ್ಯ ಇಲಾಖೆಗೆ ಹೇಳಿ ಒಪ್ಪಿಸಿಬಿಡಿ ಅಂದೆ.
ಹಳೇ ಚರ್ಮಕ್ಕೆ ಹುಳು ಹಿಡೀದ ಹಾಗೆ
ವಿಷ ಗಿಷ ಸವರಿರ್ತಾರೆ,
ಮನೆಗೆ ಹೋದವರೇ ಕೈ ತೊಳ್ಕೊಳ್ಳಿ ಅಂದೆ.
ಸೋಪಿನಲ್ಲಿ.
ಮೂರು ಸಲ.

ಬಸ್ಸಿನಲ್ಲಿ ಗಂಟು ಕಾಲ ಕೆಳಗಿಟ್ಟು
ಪುಸ್ತಕ ತೆಗೆದೆ.
ಖಲೀಲ್ ಸಾಹೇಬರಿಗೆ ಎರಡು ಸಾವಿರದ ಎಂಟುನೂರು.
ಎಮ್ಮೆ ಹೋಗಲಿಲ್ಲ. ಕುರಿ ಒಂದು ಉಳಿಯಿತು.
ಮೇಕೆಯ ಕತ್ತು, ಅರ್ಧ ಅಡಿ,
ನನ್ನ ಲೆಕ್ಕಕ್ಕೆ ಬರೆದುಕೊಂಡೆ.